ಟೈಟಣ್ಣನ ಬಾಟಲಿ

ಬಾಟಲಿ ನಿಲ್ಲುತ್ತಲೇ ಇರಲಿಲ್ಲ. ಹಾಸಿಗೆ ಮೆತ್ತಗಿತ್ತು, ದಿಂಬಿನ ಪಕ್ಕ ಇಟ್ಟ ಕೂಡಲೇ ಅದು ಸತ್ತವನ ಕಿವಿಯ ಕಡೆಗೆ ವಾಲಿಬಿಡುತ್ತಿತ್ತು. ಮೂವರು ಡ್ರೈವರುಗಳು ಬಗ್ಗಿ ನಿಂತು, ಕರ್ಚೀಫು ಮಡಿಸಿ ಅದರ ಬುಡಕ್ಕೆ ತುರುಕುತ್ತ ಒದ್ದಾಡುತ್ತಿದ್ದರು.

"ಸ್ವಲ್ಪ ಎಡಕ್ಕೆ... ಇನ್ನೂ ಎಡಕ್ಕೆ... ಹಾಂ, ಬರ್ಲಿ ಬರ್ಲಿ," ಎಂದು ಒಬ್ಬ ಬಸ್ಸನ್ನು ರಿವರ್ಸ್ ಹಾಕಿಸುವವನ ಹಾಗೆ ಹೇಳುತ್ತಿದ್ದ.

"ಲೇಬಲ್ಲು ಮುಂದಕ್ಕೆ ತಿರುಗ್ಸೋ. ಏನು ಕೊಟ್ಟಿದೀವಿ ಅಂತ ಜನಕ್ಕೆ ಕಾಣ್ಬೇಕು," ಅಂದ ಲೀಡರು.

ಲೀಡರು ಎಂದರೆ ಬಸ್ ಡಿಪೋದ ಯೂನಿಯನ್ ಲೀಡರು. ಸ್ಟೇರಿಂಗ್ ಹಿಡಿದು ಎಷ್ಟು ವರ್ಷವಾಯಿತೋ ಅವನಿಗೇ ಮರೆತುಹೋಗಿತ್ತು. ಮೈಕು ಹಿಡಿಯುವುದು ಮಾತ್ರ ಮರೆತಿರಲಿಲ್ಲ. ಆ ಡಿಪೋದಲ್ಲಿ ಒಂದು ರೂಢಿ ಇತ್ತು. ಸಿಬ್ಬಂದಿಯಲ್ಲಿ ಯಾರಾದರೂ ಸತ್ತರೆ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದ ಒಂದು ವಸ್ತುವನ್ನು ಎಲ್ಲರೂ ಸೇರಿ ತಂದು ತಲೆಯ ಹತ್ತಿರ ಇಡುವುದು. ಇಸ್ಪೀಟಿನ ಹುಚ್ಚಿದ್ದವನಿಗೆ ಇಸ್ಪೀಟು ಕಟ್ಟು, ಹಾಡು ಕೇಳುತ್ತಿದ್ದ ಮೆಕ್ಯಾನಿಕ್‌ಗೆ ರೇಡಿಯೋ. ಈ ಮನುಷ್ಯನಿಗೆ ಏನು ತರಬೇಕೆಂದು ಒಬ್ಬನೂ ಒಂದು ಕ್ಷಣ ಯೋಚಿಸಲಿಲ್ಲ. ಯೋಚಿಸುವ ಅಭ್ಯಾಸ ಇದ್ದಿದ್ದರೆ ತಾನೆ! ಡಿಪೋಗೆ ಡಿಪೋವೇ ಅವನನ್ನು ಟೈಟಣ್ಣ ಎಂದು ಕರೆಯುತ್ತಿತ್ತು.

ಟೈಟಣ್ಣ ಜೀವಮಾನದಲ್ಲಿ ಒಂದು ಹನಿ ಕುಡಿದವನಲ್ಲ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಅವನಿಗೆ ವಾಂತಿ ಬರುತ್ತಿತ್ತು.

ಒಳಗಿನ ಕೋಣೆಯಿಂದ ಹೆಂಡತಿ ಬಂದಳು. ಅದೇ ಡಿಪೋದ ವರ್ಕ್‌ಶಾಪಿನಲ್ಲಿ ಬಸ್ಸಿನ ಸೀಟು ಹೊಲಿಯುವವಳು. ದಪ್ಪ ರೆಕ್ಸಿನ್ನಿಗೆ ಸೂಜಿ ಚುಚ್ಚಿ ಚುಚ್ಚಿ ಅವಳ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಅವಳು ಬಾಟಲಿಯನ್ನು ನೋಡಿದಳು, ಅದರ ಸುತ್ತ ಬಗ್ಗಿ ನಿಂತ ಬೆನ್ನುಗಳನ್ನು ನೋಡಿದಳು.

"ಯಾರು ಇಟ್ಟಿದ್ದು ಇದನ್ನ?"

"ಎಲ್ಲಾರೂ ಸೇರಿ ಅತ್ತಿಗೆ," ಲೀಡರು ಎದೆಯ ಮೇಲೆ ಕೈಯಿಟ್ಟುಕೊಂಡ. "ಒಳ್ಳೇ ಮಾಲು. ಅಂಥಿಂಥದ್ದಲ್ಲ. ಅಣ್ಣಂಗೆ ಕೊನೇಲಿ ಏನೂ ಕಮ್ಮಿ ಆಗ್ಬಾರ್ದು ಅಂತ."

"ಇವರು ಕುಡೀತಿರ್ಲಿಲ್ಲ."

"ಗೊತ್ತು, ಗೊತ್ತು." ಹೆಂಡತಿಯಾದವಳು ಇನ್ನೇನು ತಾನೆ ಹೇಳಿಯಾಳು ಎಂಬ ಮುಖ ಮಾಡಿದ. "ಇತ್ತೀಚೆಗೆ ಬಿಟ್ಟಿದ್ರು ಅಂತ ನಾನೂ ಕೇಳಿದ್ದೆ."

"ಹಿಡ್ಕೊಂಡಿದ್ರೆ ತಾನೆ ಬಿಡೋದು?"

ಗೋಡೆಯ ಪಕ್ಕ ಕುರ್ಚಿಯಲ್ಲಿ ಸತ್ತವನ ಅಣ್ಣ ಕೂತಿದ್ದ. ನಲ್ಲಿ, ಪೈಪಿನ ಅಂಗಡಿ ಇಟ್ಟುಕೊಂಡವನು. ಸೋರುವುದನ್ನೆಲ್ಲ ಟೇಪು ಸುತ್ತಿ ನಿಲ್ಲಿಸಬಹುದು ಎಂದು ನಂಬಿದವನು. "ಹೋಗ್ಲಿ ಬಿಡಮ್ಮ," ಅಂದ. "ಪ್ರೀತಿಯಿಂದ ತಂದಿದಾರೆ. ಸತ್ತ ಮನೇಲಿ ಯಾಕೆ ರಾದ್ಧಾಂತ?"

"ರಾದ್ಧಾಂತ ಏನಿಲ್ಲ ಭಾವ. ನಂಗೆ ಬೇಕಾಗಿರೋದು ಒಂದೇ ಮಾತು. ಈ ಮನುಷ್ಯ ಕುಡುಕ ಅಲ್ಲ ಅಂತ ಡಿಪೋದೋರು ಒಬ್ರಾದ್ರೂ ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳ್ಬೇಕು. ಹೇಳಿದ ಮೇಲೇನೇ ಇವರು ಈ ಹೊಸ್ತಿಲು ದಾಟೋದು. ಅಲ್ಲೀವರೆಗೂ ಇಲ್ಲೇ ಮಲಗಿರ್ಲಿ."

"ಅಷ್ಟೇನಾ!" ಲೀಡರಿಗೆ ಹಗುರವಾಯಿತು. ಅವನು ಬೇರೆ ಏನೋ ಕೇಳುತ್ತಾಳೆ ಎಂದು ಹೆದರಿದ್ದ. "ನಾನು ಎರಡು ಮಾತು ಆಡೋನೇ ಇದೀನಲ್ಲ ಅತ್ತಿಗೆ. ಮ್ಯಾನೇಜರ್ ಸಾಹೇಬ್ರೂ ಬರ್ತಿದಾರೆ. ಅವರ ಮುಂದೇನೇ ಹೇಳ್ಬಿಡ್ತೀನಿ."

*

ವರ್ಷಗಳ ಹಿಂದೆ, ಟೈಟಣ್ಣನ ಕೆಲಸಕ್ಕೆ ಕುತ್ತು ಬಂದ ಆ ಮಧ್ಯಾಹ್ನ ಬಿಸಿಲು ಬೆಂಕಿಯಾಗಿತ್ತು. ಆ ಹಳೆಯ ಬಸ್ಸುಗಳಲ್ಲಿ ಎಂಜಿನ್ನು ಡ್ರೈವರನ ಮಗ್ಗುಲಿಗೇ ಇರುತ್ತಿತ್ತು. ಎಡಗಾಲು ಸುಡುವುದು ಡ್ರೈವರುಗಳಿಗೆಲ್ಲ ಮಾಮೂಲು. ಆದರೆ ಇವನಿಗೆ ಕೆಲವು ತಿಂಗಳಿನಿಂದ ಇನ್ನೇನೋ ಆಗುತ್ತಿತ್ತು. ಬೆಳಗಿನ ತಂಪಿನಲ್ಲಿ ಚೆನ್ನಾಗಿಯೇ ಇರುತ್ತಿದ್ದವನು ಹೊತ್ತು ಏರಿದಂತೆ ಮಂಕಾಗುತ್ತಿದ್ದ. ಕಣ್ಣು ಮಸುಕಾಗುವುದು, ಕಾಲು ಜೋಮು ಹಿಡಿಯುವುದು, ನಡೆದರೆ ಗೋಡೆಗೆ ತಾಕುವುದು. ಡಿಪೋದ ಪಂಡಿತರು ಇದಕ್ಕೆ ಆಗಲೇ ಅರ್ಥ ಹಚ್ಚಿಯಾಗಿತ್ತು: ಬೆಳಿಗ್ಗೆ ಸರಿ, ಮಧ್ಯಾಹ್ನ ಟೈಟು. ನಡುವೆ ಎರಡು ತಿಂಗಳು ಕಾಯಿಲೆ ತಾನಾಗಿಯೇ ಇಳಿದು ಅವನು ನೆಟ್ಟಗೆ ನಡೆದಾಗ ಇದೇ ಲೀಡರು ಬೆನ್ನು ತಟ್ಟಿ, "ಭೇಷ್, ಬಿಟ್ಟೆ ಅಲ್ವಾ? ಹಿಂಗೇ ಇರು," ಎಂದಿದ್ದ.

ಆವತ್ತು ಪೇಟೆಯ ರಸ್ತೆಗೆ ತಿರುಗುತ್ತಿದ್ದಂತೆ ಅವನ ಕಣ್ಣ ಮುಂದೆ ರಸ್ತೆ ಸೀಳಿ ಎರಡಾಯಿತು. ಎರಡು ಲಾರಿ, ಎರಡು ಕಂಬ, ರಸ್ತೆ ದಾಟುತ್ತಿರುವ ಎರಡು ಮುದುಕಿ. ಅವನು ನಿಧಾನವಾಗಿ ಬ್ರೇಕು ಒತ್ತಿದ. ರಸ್ತೆಯ ಮಧ್ಯದಲ್ಲೇ ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕು ಎಳೆದ. ಬಸ್ಸಿನ ತುಂಬ ಜನ. ಒಬ್ಬರ ಮೂಗಿಗೂ ಮುಂದಿನ ಸೀಟು ತಾಕಲಿಲ್ಲ.

ಹಿಂದಿನಿಂದ ಕಂಡಕ್ಟರ್ ಜನರನ್ನು ಸರಿಸಿಕೊಂಡು ಬಂದ. "ಯಾಕಣ್ಣ, ಇಲ್ಲಿ ನಿಲ್ಸಿದ್ರಿ?"

"ರಸ್ತೆ ಎರಡು ಕಾಣ್ತಿದೆ ಕಣೋ. ಯಾವುದರ ಮೇಲೆ ಹೋಗ್ಲಿ ಹೇಳು?"

ಕೆಳಗಿಳಿದಾಗ ಕಾಲು ನಿಲ್ಲಲಿಲ್ಲ. ದೀಪದ ಕಂಬವನ್ನು ತಬ್ಬಿಕೊಂಡ. ತಮ್ಮ ಪ್ರಾಣ ಉಳಿಸಿದವನಿಗೆ ಪ್ರಯಾಣಿಕರು ಅಲ್ಲಿಯೇ ಬಿರುದು ಕೊಟ್ಟರು: "ಕುಡುಕ ನನ್ಮಗ!" ಒಬ್ಬ ಮಹಾಶಯ ಅವನ ಟೋಪಿ ಕಿತ್ತು ಚರಂಡಿಗೆ ಎಸೆದ.

ಸುದ್ದಿ ಕೇಳಿ ಡಿಪೋದಿಂದ ಟೈಮ್‌ಕೀಪರ್ ಸ್ಕೂಟರಿನಲ್ಲಿ ಬಂದ. ಇವತ್ತಿನ ಮ್ಯಾನೇಜರ್ ಆಗ ಟೈಮ್‌ಕೀಪರ್. ದಿನಾ ಬೆಳಿಗ್ಗೆ ಗೇಟಿನಲ್ಲಿ ನಿಂತು ಡ್ರೈವರುಗಳ ಬಾಯಿ ಮೂಸುವುದು ಅವನ ಕೆಲಸ. ಆ ಕಾಲದಲ್ಲಿ ಯಂತ್ರಗಿಂತ್ರ ಇರಲಿಲ್ಲ. ಒಬ್ಬೊಬ್ಬರೇ ಬಂದು ಅವನ ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು, ಅವನು "ಊದು" ಅನ್ನಬೇಕು, ಇವರು ಹಾ ಎಂದು ಊದಬೇಕು. ತನ್ನ ಮೂಗು ಸರ್ಕಾರಿ ಮೂಗು, ಅದು ಸುಳ್ಳು ಹೇಳುವುದಿಲ್ಲ ಎಂದು ಅವನಿಗೆ ಬಲು ಜಂಬ.

"ಸಾರ್, ಮೂಸಿ ನೋಡಿ ಸಾರ್," ಎಂದು ಕಂಬ ಬಿಡದೆಯೇ ಇವನು ಬಾಯಿ ತೆರೆದ. "ದಿನಾ ಮೂಸ್ತೀರಲ್ಲ, ಈಗ್ಲೂ ಮೂಸಿ."

"ನಿಲ್ಲಕ್ಕೆ ಗತಿ ಇಲ್ಲ, ಊದೋದು ಬೇರೆ ಕೇಡು ನಿಂಗೆ." ಟೈಮ್‌ಕೀಪರ್ ಸ್ಕೂಟರಿನಿಂದ ಇಳಿಯಲೂ ಇಲ್ಲ.

ವಿಚಾರಣೆಯಲ್ಲಿ ಕಂಡಕ್ಟರನನ್ನು ಕರೆದು ಕೇಳಿದರು. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಟೈಮ್‌ಕೀಪರ್ ಎದುರಿಗೇ ಕೂತು ಅವನನ್ನೇ ನೋಡುತ್ತಿದ್ದ. "ವಾಸನೆ ಬರ್ತಿತ್ತು ಸಾರ್," ಎಂದ ಕಂಡಕ್ಟರ್. ಇವನ ಕೆಲಸ ಹೋಯಿತು, ಅವನದು ಕಾಯಂ ಆಯಿತು.

*

ಮ್ಯಾನೇಜರ್ ಬಂದಾಗ ಎಲ್ಲರೂ ಜರುಗಿ ದಾರಿ ಬಿಟ್ಟರು. ಅವನು ಬಾಯಲ್ಲಿ ಪೆಪ್ಪರ್‌ಮಿಂಟು ಚೀಪುತ್ತಿದ್ದ. ಹೆಣದ ಮುಂದೆ ತಲೆ ಬಗ್ಗಿಸಿ ನಿಂತು, ಬಾಟಲಿಯನ್ನು ಕಂಡು, ಸಣ್ಣಗೆ ನಿಟ್ಟುಸಿರು ಬಿಟ್ಟ. ಆಮೇಲೆ ಅವಳ ಹತ್ತಿರ ಬಂದ.

"ಏನೇ ಇರ್ಲಮ್ಮ, ಮನುಷ್ಯ ಒಳ್ಳೆಯವನು."

"ಏನೇ ಇರ್ಲಿ ಅಂದ್ರೆ ಏನಿರ್ಲಿ ಸಾರ್?"

"ಅಂದ್ರೆ... ಅದೇ... ಹಳೇದೆಲ್ಲ ಯಾಕೀಗ?"

"ಹಳೇದು ನಿಮಗೆ. ಇವರು ಕುಡುಕ ಅನ್ನಿಸ್ಕೊಂಡೇ ಹೋಗ್ತಿದಾರಲ್ಲ, ಅದು ಇವತ್ತಿಂದು. ಡಾಕ್ಟರ್ ರಿಪೋರ್ಟು ತಂದು ನಿಮ್ಮ ಮೇಜಿನ ಮೇಲೆ ಇಟ್ಟಿದ್ದೆ. ಓದಿದ್ರಾ?"

"ಆ ಕಾಯಿಲೆ ಹೆಸರೇ ನಾಲಿಗೆ ಮೇಲೆ ತಿರುಗಲ್ಲ, ಅದನ್ನೇನು ಓದೋದಮ್ಮ," ಎಂದು ಮ್ಯಾನೇಜರ್ ತಮಾಷೆ ಮಾಡಲು ನೋಡಿದ. ಯಾರೂ ನಗಲಿಲ್ಲವಾಗಿ ಕರ್ಚೀಫು ತೆಗೆದು ಕಣ್ಣಿಗೆ ಒತ್ತಿಕೊಂಡ. ಕಣ್ಣು ಒಣಗಿಯೇ ಇತ್ತು.

ಅಷ್ಟರಲ್ಲಿ ಲೀಡರು ಗಂಟಲು ಸರಿಮಾಡಿಕೊಂಡ. ಮೈಕಿರಲಿಲ್ಲ, ಆದರೂ ಮುಷ್ಟಿ ತಾನಾಗಿಯೇ ಬಾಯಿಯ ಹತ್ತಿರ ಹೋಯಿತು.

"ಬಂಧುಗಳೇ! ತಪ್ಪು ಮಾಡದವನು ಈ ಲೋಕದಲ್ಲಿ ಯಾರಿದ್ದಾನೆ? ನಮ್ಮ ಟೈಟಣ್ಣನಲ್ಲಿ ಇದ್ದದ್ದು ಒಂದೇ ದೋಷ. ಒಂದೇ! ಅದು ಏನು ಅಂತ ನಾನು ಹೇಳೋದಿಲ್ಲ. ಯಾಕಂದ್ರೆ ಇವತ್ತು ನಾನು ಅತ್ತಿಗೆಗೆ ಮಾತು ಕೊಟ್ಟಿದ್ದೇನೆ, ಅದನ್ನ ಹೇಳಲ್ಲ ಅಂತ!"

ಒಂದಿಬ್ಬರು ಚಪ್ಪಾಳೆಗೆ ಕೈಯೆತ್ತಿ, ಸಾವಿನ ಮನೆ ಎಂದು ನೆನಪಾಗಿ ಇಳಿಸಿದರು. ಲೀಡರು ಅವಳ ಕಡೆ ತಿರುಗಿ, ನೋಡಿದಿರಾ ಹೇಗೆ ನಿಭಾಯಿಸಿದೆ ಎಂಬಂತೆ ಕಣ್ಣು ಮುಚ್ಚಿ ತೆರೆದ. ಅವಳಿಗೆ ಹೇಸಿಗೆಯಾಯಿತು. ಉಗಿಯೋಣವೆಂದರೆ ಇವರಿಗಾಗಿ ಉಗುಳೂ ದಂಡ ಅನ್ನಿಸಿತು.

ಅವಳ ಪಕ್ಕದಲ್ಲಿ ಸೀಟು ವಿಭಾಗದ ಹಿರಿಯಳು ದಪ್ಪಕ್ಕ ನಿಂತಿದ್ದಳು. "ಈ ಬೃಹಸ್ಪತಿಯ ಬಾಯಿಗೆ ಎರಡು ಹೊಲಿಗೆ ಹಾಕ್ಬಿಡ್ಲೇನೇ?" ಎಂದು ಪಿಸುಗುಟ್ಟಿದಳು.

*

ಕೆಲಸ ಹೋದ ಮೇಲೆ ಅಣ್ಣನಾದವನು ಸುಮ್ಮನಿರಲಿಲ್ಲ. ತಮ್ಮನನ್ನು ಕುಡಿತ ಬಿಡಿಸುವ ಶಿಬಿರಕ್ಕೆ ಎಳೆದುಕೊಂಡು ಹೋದ. "ನಾನು ಕುಡಿಯೋದೇ ಇಲ್ವಲ್ಲೋ," ಅಂದರೆ, "ಎಲ್ಲಾ ಕುಡುಕರೂ ಮೊದಲು ಹಂಗೇ ಅಂತಾರಂತೆ, ಅಲ್ಲಿಯೋರೇ ಹೇಳಿದ್ರು," ಅಂದ.

ಶಿಬಿರದಲ್ಲಿ ಅವನನ್ನು ಹಬೆಯ ಕೋಣೆಯಲ್ಲಿ ಕೂರಿಸಿದರು, ಬೆವರಿನಲ್ಲಿ ವಿಷ ಇಳಿದುಹೋಗಲಿ ಎಂದು. ಹೊರಗೆ ಬರುವಾಗ ಅವನ ಕಾಲುಗಳು ಹಿಂಡಿದ ಬಟ್ಟೆಯಾಗಿದ್ದವು, ಕಣ್ಣು ಕಾಣುತ್ತಿರಲಿಲ್ಲ. "ನೋಡಿದ್ರಾ, ಎಷ್ಟು ವರ್ಷದ ವಿಷ!" ಎಂದು ಶಿಬಿರದ ಯಜಮಾನ ಅಣ್ಣನಿಗೆ ತೋರಿಸಿದ. ಅಣ್ಣ ತಲೆದೂಗಿದ. ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಿದ್ದ ಒಬ್ಬಳು ಡಾಕ್ಟರ್ ಮಾತ್ರ ಬೀಗದ ಕೈಯಿಂದ ಅವನ ಅಂಗಾಲು ಗೀರಿ ನೋಡಿದಳು. ಕೆಳಕ್ಕೆ ಬಾಗಬೇಕಾದ ಹೆಬ್ಬೆರಳು ಮೇಲೆದ್ದು ನಿಂತಿತು. "ಇವರನ್ನ ಇಲ್ಲಿ ಯಾಕೆ ಇಟ್ಕೊಂಡಿದೀರಾ? ಮೊದಲು ನರದ ಡಾಕ್ಟರಿಗೆ ತೋರಿಸಿ," ಎಂದು ಬೈದಳು. ಇವತ್ತಿಗೂ ಅಣ್ಣ ಎಲ್ಲರಿಗೂ ಹೇಳುವುದು, "ನಾನು ಶಿಬಿರಕ್ಕೆ ಸೇರಿಸಿದ್ದಕ್ಕೇ ಕಾಯಿಲೆ ಗೊತ್ತಾಯ್ತು," ಎಂದೇ.

ನರದ ಡಾಕ್ಟರ್ ಮೆದುಳಿನ ಫಿಲ್ಮನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದ. ಅಲ್ಲಲ್ಲಿ ಬಿಳಿ ಚುಕ್ಕೆಗಳಿದ್ದವು.

"ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತಾರೆ. ನರ ಅಂದ್ರೆ ಒಳಗೆ ಒಂದು ಎಳೆ, ಅದರ ಸುತ್ತ ಮಯಲಿನ್ ಅನ್ನೋ ಕೊಬ್ಬಿನ ಹೊದಿಕೆ. ಹೊದಿಕೆ ಸರಿಯಾಗಿದ್ರೆ ಮೆದುಳು ಹೇಳಿದ್ದು ಕಾಲಿಗೆ ತಟ್ಟನೆ ಮುಟ್ಟುತ್ತೆ. ಕಿತ್ತುಹೋದ ಕಡೆ ತಡವಾಗುತ್ತೆ, ಕೆಲವು ಸಲ ಮುಟ್ಟೋದೇ ಇಲ್ಲ. ಮೈ ಬಿಸಿಯಾದ್ರಂತೂ ಇನ್ನೂ ಕಷ್ಟ."

"ಕೀಳೋದು ಯಾರು ಅದನ್ನ?" ಎಂದು ಅವಳು ಕೇಳಿದಳು.

"ನಮ್ಮ ಮೈ ಕಾಯೋ ಕಣಗಳೇ. ಹೊರಗಿನ ರೋಗ ಬಂದ್ರೆ ಹೊಡೀಬೇಕಾದೋವು, ಯಾಕೋ ಏನೋ, ಸ್ವಂತ ಹೊದಿಕೇನೇ ಶತ್ರು ಅಂದ್ಕೊಂಡು ಕಡೀತವೆ."

"ಥೂ, ನಮ್ಮ ಡಿಪೋದೋರ ಥರ," ಅಂದಳು ಅವಳು. ಅವಳಿಗೆ ಕಾಯಿಲೆ ಚೆನ್ನಾಗಿಯೇ ಅರ್ಥವಾಯಿತು. "ಸೀಟು ಹರಿದ್ರೆ ನಾನು ಬೇರೆ ಬಟ್ಟೆ ಹಾಕಿ ಹೊಲೀತೀನಿ. ಇದಕ್ಕೇನು ಮಾಡ್ತೀರಾ?"

"ಮೈಯೇ ಅಷ್ಟಿಷ್ಟು ರಿಪೇರಿ ಮಾಡ್ಕೊಳ್ಳುತ್ತೆ. ಅದಕ್ಕೇ ಮಧ್ಯೆ ಮಧ್ಯೆ ಚೆನ್ನಾಗಾಗೋದು. ಔಷಧಿ ಕೊಟ್ಟು ಕಡಿಯೋದನ್ನ ನಿಧಾನ ಮಾಡ್ಬಹುದು. ಸ್ವಲ್ಪ ಮುಂಚೆ ಬಂದಿದ್ರೆ ಚೆನ್ನಾಗಿತ್ತು."

ವಾಪಸು ಬರುವ ದಾರಿಯಲ್ಲಿ ಗಂಡ ಅವಳ ಹೆಗಲು ಹಿಡಿದು ನಡೆಯುತ್ತ, "ಯಾರಿಗೂ ಹೇಳ್ಬೇಡ ಕಣೇ," ಅಂದ. "ಕುಡುಕ ಅಂದ್ರೆ ಅನ್ಲಿ. ಕುಡುಕ ಯಾವತ್ತಾದ್ರೂ ಸರಿಹೋಗ್ತಾನೆ ಅಂತ ಜನ ಕಾಯ್ತಾರೆ. ರೋಗಿಷ್ಠ ಅಂತ ಗೊತ್ತಾದ್ರೆ ಈ ಕಡೆ ತಲೇನೂ ಹಾಕಲ್ಲ."

"ಅನ್ಲಿ ಅನ್ನೋಕೆ ನಿಮಗೇನು, ಮನೇಲಿರ್ತೀರಾ. ಮಧ್ಯಾಹ್ನ ಅದೇ ಜನರ ಮಧ್ಯೆ ಕೂತು ಊಟದ ಡಬ್ಬಿ ಬಿಚ್ಚೋಳು ನಾನು," ಎಂದು ಅವಳು ಸಿಡುಕಿದ್ದಳು. ಅದಕ್ಕೇ ಅವನಿಗೆ ಹೇಳದೆ ರಿಪೋರ್ಟನ್ನು, ಅಷ್ಟರಲ್ಲಿ ಮ್ಯಾನೇಜರ್ ಆಗಿದ್ದ ಟೈಮ್‌ಕೀಪರನ ಮೇಜಿಗೆ ಒಯ್ದದ್ದು.

ಆಮೇಲಿನ ವರ್ಷಗಳನ್ನು ಅವನು ಕಿಟಕಿಯ ಬಳಿ ಕಳೆದ. ಬೀದಿಯಲ್ಲಿ ಬಸ್ಸು ಹೋದರೆ ಸದ್ದಿನಲ್ಲೇ ಗುರುತು ಹಿಡಿದು ಬೈಯುತ್ತಿದ್ದ: "ಸೆಕೆಂಡ್ ಗೇರಲ್ಲೇ ಎಳೀತಿದಾನೆ ನೋಡೇ, ಕತ್ತೆ. ಗೇರ್ ಬಾಕ್ಸು ಇವರಪ್ಪಂದಾ?" ಅವನೇನು ದೊಡ್ಡ ಸಾಧುವಲ್ಲ. ಟೀ ತಣ್ಣಗಿದ್ದರೆ ಕಿರುಚುತ್ತಿದ್ದ, ಕನ್ನಡಿ ಮೇಲೆ ಒಂದು ಬೆರಳ ಗುರುತು ಕಂಡರೆ ಮನೆಯೆಲ್ಲ ಎತ್ತಿ ಹಾಕುತ್ತಿದ್ದ. ಮೊದಲು ಕೋಲು, ಆಮೇಲೆ ಗಾಲಿಕುರ್ಚಿ, ಆಮೇಲೆ ಹಾಸಿಗೆ. ಕೊನೆಗೆ ಗಂಟಲೂ ಮಾತು ಕೇಳದೆ ಕುಡಿದ ನೀರು ಶ್ವಾಸಕೋಶಕ್ಕೆ ಇಳಿದು, ಜ್ವರ ಬಂದು ಸತ್ತ. ಡಿಪೋದಲ್ಲಿ ಸುದ್ದಿ ಹಬ್ಬಿದ್ದು ಲಿವರ್ ಹೋಯಿತು ಎಂದು.

*

"ಹೊತ್ತಾಗ್ತಿದೆ, ಎತ್ತಿ ಎತ್ತಿ," ಎಂದು ಅಣ್ಣ ಅವಸರ ಮಾಡಿದ. ಬಾಗಿಲ ಮುಂದೆ ಶವದ ವ್ಯಾನು ನಿಂತಿತ್ತು. ಲೀಡರು ತೋಳು ಮಡಿಸಿ ತಲೆಯ ಕಡೆಗೆ ಬಂದ. ಆ ಮೂವರು ಡ್ರೈವರುಗಳೂ ಬಂದರು.

ಅವಳು ಅಡ್ಡ ನಿಂತಳು.

"ಮುಟ್ಬೇಡಿ. ನಾನು ಕೇಳಿದ ಮಾತು ಇನ್ನೂ ಬಂದಿಲ್ಲ."

"ಹೇಳಿದೆನಲ್ಲ ಅತ್ತಿಗೆ..."

"ನೀವು ಹೇಳಿದ್ದು ಕೇಳಿಸ್ತು. ಸರಿ, ಹೊರೋಕೆ ಬಂದಿದೀರಾ, ಹೊರಿ. ಆದ್ರೆ ಇವರಿಗೆ ಆ ವಾಸನೆ ಆಗ್ತಿರ್ಲಿಲ್ಲ. ಇವರು ಸುಮ್ನೆ ಮಲಗಿದಾರೆ ಅಂತ ಯಾರು ಯಾರೋ ಹೆಗಲು ಕೊಡೋ ಹಾಗಿಲ್ಲ." ಅವಳು ಲೀಡರನ ಮುಖಕ್ಕೆ ಮುಖ ಕೊಟ್ಟು ನಿಂತಳು. "ಊದಿ."

"ಏನು?"

"ಡ್ಯೂಟಿ ಹತ್ತೋ ಮುಂಚೆ ಊದಲ್ವಾ? ಹಂಗೆ. ಊದಿ."

ಲೀಡರು ಬಾಯಿ ಬಿಗಿದುಕೊಂಡ. ಬಾಟಲಿ ಕೊಳ್ಳಲು ಅಂಗಡಿಗೆ ಹೋಗಿದ್ದ ಗಂಡಸರೆಲ್ಲ ಅಲ್ಲಿಯೇ ದುಃಖ ತಡೆಯಲಾರದೆ ಒಂದಷ್ಟು ಹಾಕಿಕೊಂಡೇ ಬಂದಿದ್ದರು. ಟೈಟಣ್ಣನ ನೆನಪಿಗೆ ಎಂದು ಗ್ಲಾಸು ಬೇರೆ ಎತ್ತಿದ್ದರು. ಇಷ್ಟು ದೊಡ್ಡ ದುಃಖ ನೀರಿನಲ್ಲಿ ಇಳಿಯುವುದುಂಟೆ?

"ಗಂಟಲು ಕೆಟ್ಟಿದೆ ಅತ್ತಿಗೆ," ಎಂದು ಲೀಡರು ಹಿಂದೆ ಸರಿದ. ಅವನ ಹಿಂದೆ ಮೂವರೂ ಸರಿದರು. ಒಬ್ಬನಿಗೆ ಸೊಂಟ ನೋವು, ಒಬ್ಬನಿಗೆ ಫೋನು ಬಂತು, ಮೂರನೆಯವನು ಏನೂ ಹೊಳೆಯದೆ ಗೋಡೆ ನೋಡುತ್ತ ನಿಂತ.

"ಭಾವ, ನೀವು?"

ಅಣ್ಣ ನೆಲ ನೋಡಿದ. "ಒಂದೇ ಒಂದು ಗುಟುಕು ಕಣಮ್ಮ. ಇವರು ಬಿಡ್ಲಿಲ್ಲ."

"ಎಂಥಾ ಅಣ್ಣ ಸಿಕ್ಕಿದ ನೋಡು ಇವರಿಗೆ," ಎಂದಳು ಅವಳು. ಅವಳ ಧ್ವನಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಒಡೆಯಿತು. ಕೂಡಲೇ ಮುಖ ಒರೆಸಿಕೊಂಡು ಹೊರಗೆ ನೋಡಿದಳು. ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ಕಂಡಕ್ಟರ್ ನಿಂತಿದ್ದ. ಒಳಗೆ ಬರಲು ಧೈರ್ಯವಿರಲಿಲ್ಲ, ಹೋಗಿಬಿಡಲೂ ಇರಲಿಲ್ಲ.

"ನೀನು ಬಾ ಇಲ್ಲಿ."

ಅವನು ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಊದು."

ಊದಿದ. ಅವಳು ಮೂಸಿ ನೋಡಿದಳು. "ವಾಸನೆ ಇಲ್ಲ," ಎಂದು ಕೋಣೆಗೆಲ್ಲ ಕೇಳುವಂತೆ ಹೇಳಿದಳು. "ಆವತ್ತು ಇವರ ಬಾಯಿಗೆ ನಿನ್ನಷ್ಟು ಹತ್ತಿರ ಇದ್ದೋರು ಯಾರೂ ಇಲ್ಲ. ಈಗ ಹೇಳು. ಇತ್ತಾ ವಾಸನೆ?"

"ಏಯ್, ಯೋಚ್ನೆ ಮಾಡಿ ಮಾತಾಡು," ಎಂದ ಮ್ಯಾನೇಜರ್ ಹಿಂದಿನಿಂದ. "ರಿಟೈರ್‌ಮೆಂಟ್ ಇನ್ನೂ ಆಗಿಲ್ಲ ನಿಂಗೆ."

ಕಂಡಕ್ಟರ್ ಹೆಣದ ಕಡೆ ನೋಡಿದ, ದಿಂಬಿನ ಪಕ್ಕದ ಬಾಟಲಿಯ ಕಡೆ ನೋಡಿದ.

"ಇರ್ಲಿಲ್ಲ."

"ಜೋರಾಗಿ ಹೇಳು. ಅವತ್ತು ಜೋರಾಗಿ ಹೇಳಿದ್ದೆಯಂತಲ್ಲ."

"ಇರ್ಲಿಲ್ಲ ಅತ್ತಿಗೆ! ಅಣ್ಣ ಕುಡಿದಿರ್ಲಿಲ್ಲ. ರಸ್ತೆ ಎರಡು ಕಾಣ್ತಿದೆ ಅಂದ್ರು, ನಿಲ್ಸಿದ್ರು. ನಂಗೆ ಕೆಲಸ ಕಾಯಂ ಆಗ್ಬೇಕಿತ್ತು. ಇವರು ವಾಸನೆ ಇತ್ತು ಅನ್ನು ಅಂದ್ರು, ಅಂದ್ಬಿಟ್ಟೆ." ಅವನು ಮ್ಯಾನೇಜರನ ಕಡೆ ಬೆರಳು ತೋರಿಸಲಿಲ್ಲ. ಆದರೆ ಎಲ್ಲರ ಕಣ್ಣೂ ತಾವಾಗಿಯೇ ಅತ್ತ ತಿರುಗಿದವು. "ಅಣ್ಣ ಅವತ್ತು ನಿಲ್ಸದೇ ಇದ್ದಿದ್ರೆ ನಾನೂ ಇರ್ತಿರ್ಲಿಲ್ಲ."

ಯಾರೂ ಉಸಿರೆತ್ತಲಿಲ್ಲ. ಊದಿಬಿಟ್ಟರೆ ಎಂಬ ಭಯವೂ ಇತ್ತೇನೋ. ಕಂಡಕ್ಟರ್ ಅವಳ ಕಾಲಿಗೆ ಬೀಳಲು ಬಗ್ಗಿದ.

"ಅದೆಲ್ಲ ಬೇಡ," ಎಂದು ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಕ್ಷಮಿಸುವ ಮನಸ್ಸು ಅವಳಿಗೆ ಇರಲಿಲ್ಲ, ಇದೆ ಎಂದು ನಟಿಸಲೂ ಇಲ್ಲ. "ಇವರ ಕಾಲಿನ ಕಡೆ ಹಿಡ್ಕೋ." ಬಾಟಲಿಯನ್ನು ಎತ್ತಿ ಲೀಡರನ ಕೈಗೆ ಕೊಟ್ಟಳು. "ತಗೊಳ್ಳಿ. ಗಂಟಲಿಗೆ ಒಳ್ಳೇದು."

ದಪ್ಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಸೀಟು ವಿಭಾಗದ ಉಳಿದ ಹೆಂಗಸರೂ ಬಂದರು. ದಿನವಿಡೀ ಬಸ್ಸಿನ ಸೀಟುಗಳನ್ನು ಎತ್ತಿ ಇಳಿಸುವ ಕೈಗಳು ಅವು. "ಒಂದು, ಎರಡು, ಹಾಂ," ಎಂದು ದಪ್ಪಕ್ಕ ಹೇಳಿದಾಗ ಅವನು ಸಲೀಸಾಗಿ ಮೇಲೆದ್ದ. ಹೆಂಡತಿ ತಲೆಯ ಕಡೆ ಹಿಡಿದಳು. ಹೊಸ್ತಿಲು ದಾಟುವಾಗ ಅವಳು ಬಗ್ಗಿ, "ನಡೀರಿ," ಎಂದು ಅವನಿಗಷ್ಟೇ ಕೇಳುವಂತೆ ಹೇಳಿದಳು.

ಗಂಡಸರು ಎರಡು ಬದಿಗೂ ಸರಿದು ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟರು. ವ್ಯಾನಿನ ಬಾಗಿಲು ಹಾಕಿದ ಸದ್ದಾಯಿತು. ಎಲ್ಲರೂ ಅತ್ತ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು, ಮ್ಯಾನೇಜರ್ ಕಾಂಪೌಂಡ್ ಗೋಡೆಯ ಕಡೆಗೆ ತಿರುಗಿದ. ಅಂಗೈಯನ್ನು ಬಟ್ಟಲು ಮಾಡಿ ಬಾಯಿಗೆ ಅಡ್ಡ ಹಿಡಿದು, ಹಾ ಎಂದು ಊದಿ, ಮೂಸಿ ನೋಡಿಕೊಂಡ. ಜೇಬಿನಿಂದ ಇನ್ನೊಂದು ಪೆಪ್ಪರ್‌ಮಿಂಟು ತೆಗೆದು ಬಾಯಿಗೆ ಹಾಕಿಕೊಂಡು, ಮತ್ತೆ ಊದಿದ.